ಅವ್ವನ ಜೊತೆ ರಸ್ತೆ ದಾಟಿದ ದಿನ

ಹೋದ ತಿಂಗಳು ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಧಾರವಾಡದಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಈ ಎರಡೂ ಊರುಗಳ ನಡುವೆ ತನಗೇ ಮೀಸಲಾದ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನಲ್ಲೇ. 2018ರಲ್ಲಿ ಓಡಾಟ ಶುರುವಾದಾಗಿನಿಂದ ನನಗೆ ಆ ಬಸ್ಸೆಂದರೆ ಇಷ್ಟ. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಎತ್ತರ, ಮೊಣಕಾಲು ನೋವಿರುವವರೂ ಮೆಟ್ಟಿಲು ಹತ್ತದೆ ಸಲೀಸಾಗಿ ಒಳಗೆ ಹೋಗಬಹುದು. ಅವ್ವ ಆರಾಮಾಗಿ ಕೂತು ಉಣಕಲ್ ಕೆರೆ ನೋಡುತ್ತಾ ಬಂದಳು.

ತ್ರಾಸು ಶುರುವಾಗಿದ್ದು ಇಳಿದ ಮೇಲೆ. ಚಿಗರಿ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ ಅಲ್ವಾ, ಹಾಗಾಗಿ ಹತ್ತುವವರು ಇಳಿಯುವವರು ಎಲ್ಲರೂ ಕಾರು, ಲಾರಿ, ಬೈಕು ಓಡುವ ಅರ್ಧ ರಸ್ತೆ ದಾಟಲೇಬೇಕು. ಹಸಿರು ದೀಪ ಬಂತು. ಅವ್ವ ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ನನ್ನ ಮುಂಗೈ ಹಿಡಿದು ಹೊರಟಳು. ಅರ್ಧಕ್ಕೆ ಬರುವಷ್ಟರಲ್ಲಿ ದೀಪ ಕೆಂಪಾಯಿತು, ಹಾರ್ನು ಶುರುವಾಯಿತು, ಬೈಕೊಂದರ ಕನ್ನಡಿಗೆ ಅವಳ ಕೈಚೀಲ ಸಿಕ್ಕಿ ಡಾಕ್ಟರ್ ಚೀಟಿಗಳೆಲ್ಲ ರಸ್ತೆಗೆ ಬಿದ್ದವು.

"ನಿಂದ್ರಪಾ, ಕಾಲು ಏಳವಲ್ವು" ಎಂದಳು. ಅವಳ ಕೈ ನಡುಗುತ್ತಿತ್ತು.

ಕಾಲೇಜು ಹುಡುಗಿಯೊಬ್ಬಳು ಎರಡೂ ಕೈ ಚಾಚಿ ಗಾಡಿಗಳನ್ನು ನಿಲ್ಲಿಸಿದಳು. ಅವಳಿಲ್ಲದಿದ್ದರೆ ಏನಾಗುತ್ತಿತ್ತೋ. ಆಮೇಲೆ ಫುಟ್‌ಪಾತಿನ ಕಲ್ಲು ಎಷ್ಟು ಎತ್ತರ ಇತ್ತೆಂದರೆ ಅವ್ವ ಕರೆಂಟ್ ಕಂಬ ಹಿಡಿದು ಅಡ್ಡ ತಿರುಗಿ ಹತ್ತಬೇಕಾಯಿತು.

ನನಗೆ ಸುಮ್ಮನಿರಲು ಆಗಲಿಲ್ಲ. ಭಾನುವಾರ ಟೇಪು ತೆಗೆದುಕೊಂಡು ಹೋಗಿ ಅಳೆದೆ. ಕಲ್ಲಿನ ಎತ್ತರ 27 ಸೆಂಟಿಮೀಟರ್. ರಸ್ತೆಗಳು ಹೇಗಿರಬೇಕೆಂಬ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು 15 ಮೀರಬಾರದು ಅಂತ. ಇನ್ನು ಸಿಗ್ನಲ್ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವ ನಡಿಗೆ ಸೆಕೆಂಡಿಗೆ 1.2 ಮೀಟರ್. ಅವ್ವನನ್ನು ಮನೆಯ ಓಣಿಯಲ್ಲಿ ನಡೆಸಿ ನೋಡಿದೆ, ಹತ್ತು ಮೀಟರಿಗೆ 19 ಸೆಕೆಂಡ್ ಬೇಕಾಯಿತು. ಲೆಕ್ಕದ ಪ್ರಕಾರ ಎಂಟೂವರೆ ಸಾಕು! ಮೇಲ್ಸೇತುವೆ ಕಟ್ಟಿಸಿ ಎನ್ನುವವರಿದ್ದಾರೆ. ಆದರೆ ಇಷ್ಟೆತ್ತರದ ಕಲ್ಲನ್ನೇ ಹತ್ತಲಾಗದವಳು ಅಷ್ಟೆಲ್ಲ ಮೆಟ್ಟಿಲು ಹೇಗೆ ಹತ್ತುತ್ತಾಳೆ? ಲಿಫ್ಟ್ ಇಟ್ಟರೂ ಅದು ಕೆಟ್ಟ ದಿನ ಏನು ಗತಿ? ನೆಲದ ಮೇಲೇ ದಾಟುವಂತಿರಬೇಕು, ಅದಕ್ಕೆ ಗಾಡಿಗಳು ನಿಧಾನ ಆಗಬೇಕು.

ಸಿಗ್ನಲ್ ಸಮಯ ಹೆಚ್ಚಿಸಿ, ಕಲ್ಲು ಇಳಿಸಿ ಇಳಿಜಾರು ಮಾಡಿ, ಜೀಬ್ರಾ ಪಟ್ಟಿಗೆ ಮೊದಲು ಉಬ್ಬು ಹಾಕಿ ಎಂದು ಅಳತೆ ಸಮೇತ ಅರ್ಜಿ ಬರೆದು ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಅವ್ವ ಆ ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಮುಂದಿನ ತಿಂಗಳು ಮತ್ತ ಹೋಗೂದೈತಿ. ಅಷ್ಟ್ರಾಗ ಆಗ್ತೈತೇನು?"