ಪೋರ್ಟ್‌ಫೋಲಿಯೋಗೆ ಯಾವ ಶೈಲಿ ಹಾಕಲಿ?

ಮೂರು ದಿನದಿಂದ ನೆಲದ ಮೇಲೆ ಚಿತ್ರಗಳನ್ನು ಹರಡಿಕೊಂಡು ಕೂತಿದ್ದೇನೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಕೇಳಬೇಕು, ಅದಕ್ಕೆ ಪೋರ್ಟ್‌ಫೋಲಿಯೋ. ನನ್ನ ಹತ್ತಿರ ಇರುವುದು ಮೈಸೂರು ಶೈಲಿ, ಜಲವರ್ಣ, ಇಂಕಿನ ಸ್ಕೆಚ್, ಜೊತೆಗೆ ಟ್ಯಾಬ್ಲೆಟ್‌ನಲ್ಲಿ ಮಾಡಿದ ಒಂದಷ್ಟು. ಎಲ್ಲಾ ಹಾಕಿಬಿಡೋಣ ಅಂದುಕೊಂಡಿದ್ದೆ. ಆದರೆ ಕೆಲಸ ಕೊಡುವವರು ನೋಡುವುದೇ ಬೇರೆ ಅಲ್ವಾ? ಒಬ್ಬ ಹುಡುಗಿಯನ್ನು 16 ಪುಟದಲ್ಲೂ ಅದೇ ಹುಡುಗಿ ಅನ್ನುವ ಹಾಗೆ ಇವಳು ಬರೆಯಬಲ್ಲಳಾ ಅಂತ. ಅದಕ್ಕೇ ಇಂಕು, ಜಲವರ್ಣ ಸೇರಿದ 10 ಚಿತ್ರಗಳು ಮೊದಲು. ಅದರಲ್ಲಿ 3 ಒಂದೇ ಕಥೆಯವು.

ಕಷ್ಟ ಆಗಿದ್ದು ಮೈಸೂರು ಶೈಲಿಯದು. ಸರಸ್ವತಿಯ ಸೆರಗಿನ ಅಂಚನ್ನು ಗೆಸ್ಸೋ ಅನ್ನುವ ಅಂಟಿನ ಲೇಪದಲ್ಲಿ ತೆಳ್ಳಗೆ ಎಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವಾಗ ಉಸಿರು ಬಿಗಿ ಹಿಡಿದಿದ್ದು ಇನ್ನೂ ನೆನಪಿದೆ. ತಂಜಾವೂರು ಚಿತ್ರದಷ್ಟು ದಪ್ಪ ಉಬ್ಬು ಇದರಲ್ಲಿ ಇರಲ್ಲ, ನಾಜೂಕೇ ಇದರ ಜೀವ. ಸ್ಕ್ಯಾನ್ ಮಾಡಿದರೆ ಆ ಚಿನ್ನ ಸುಮ್ನೆ ಕಂದು ಕಲೆ ಥರ ಬಂತು. ತುಂಬಾ ಬೇಜಾರಾಯ್ತು. ಆಮೇಲೆ ಬೆಳಿಗ್ಗೆ ಕಿಟಕಿ ಪಕ್ಕ ಇಟ್ಟು, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದೆ. ಉಬ್ಬು, ಹೊಳಪು ಎರಡೂ ಕಂಡವು. ಅದೊಂದು ಕೊನೆಯ ಪುಟದಲ್ಲಿ ಇರುತ್ತೆ. ಉಳಿದ ಮೈಸೂರು ಶೈಲಿಯವು ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ಚಿತ್ರಸಂತೆಗೆ. ಕುಮಾರಕೃಪಾ ರಸ್ತೆಯಲ್ಲಿ ಜನ ಹತ್ತಿರ ನಿಂತು, ಬಗ್ಗಿ ನೋಡುತ್ತಾರೆ, ಆ ಚಿತ್ರಗಳಿಗೆ ಅದೇ ಬೇಕು.

ಟ್ಯಾಬ್ಲೆಟ್ ಚಿತ್ರಗಳನ್ನು ತೆಗೆದುಬಿಟ್ಟೆ. ಅವು ಬೇರೆಯವರ ಶೈಲಿ ನೋಡಿಕೊಂಡು ಮಾಡಿದವು, ಅಂಥದ್ದೇ ಇನ್ನೊಂದು ಕೇಳಿದರೆ ನನ್ನಿಂದ ಆಗಲ್ಲ.