ತುಮಕೂರಿನಲ್ಲಿ ಉಪ್ಪುನೀರಿನ ಟ್ಯಾಂಕ್: ಹನ್ನೊಂದನೇ ತಿಂಗಳು

ಲೆದರ್ ಕೋರಲ್ ಎಂಬ ಮೆತ್ತನೆ ಹವಳದ ತುಂಡು ನನ್ನ ಅಕ್ವೇರಿಯಂಗೆ ಬಂದು ಇವತ್ತಿಗೆ 23 ದಿನ. ಹತ್ತನೇ ದಿನ ಅದು ಮುದುಡಿಕೊಂಡಿತು, ಮೈಮೇಲೆ ಮೇಣದಂಥ ಪೊರೆ ಕಟ್ಟಿತು. ಸತ್ತೇಹೋಯಿತು ಅಂತ ಗಾಬರಿಯಾಗಿ, ತುಂಡು ಕೊಟ್ಟ ಬೆಂಗಳೂರಿನ ಗೆಳೆಯನಿಗೆ ರಾತ್ರಿಯೇ ಫೋನ್ ಮಾಡಿದೆ.

"ಕೊಳೆತ ವಾಸನೆ ಬರ್ತಿದೆಯೇನೋ?"

"ಇಲ್ಲ."

"ಹಂಗಾದ್ರೆ ಮುಟ್ಟಬೇಡ. ಪೊರೆ ಬಿಡ್ತಿದೆ ಅಷ್ಟೆ. ಪಂಪನ್ನ ಸ್ವಲ್ಪ ಅದರ ಕಡೆ ತಿರುಗಿಸು."

ಆರು ದಿನಕ್ಕೆ ಪೊರೆ ಕಳಚಿ, ಟೋಪಿಯಂಥ ತಲೆಯ ತುಂಬ ಹೂವಿನಂಥ ಪುಟ್ಟ ಜೀವಿಗಳು, ಅಂದರೆ ಪಾಲಿಪ್‌ಗಳು ಅರಳಿದವು. ಅವು ಅರಳಿದ ಸಂಜೆ ನನಗಾದ ಖುಷಿ ಅಷ್ಟಿಷ್ಟಲ್ಲ.

ನೀರಿನ ವಿಚಾರ ಬೇಗ ಮುಗಿಸುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ಉಪ್ಪು ಬೆರೆಸುವುದು ಆರ್‌ಒ ನೀರಿಗೇ. ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. ಏಪ್ರಿಲ್‌ನಲ್ಲಿ ಕರೆಂಟು ಹೋದ ಮಧ್ಯಾಹ್ನ 30 ದಾಟಿತ್ತು. ಆಗ ಟ್ಯಾಂಕಿನಲ್ಲಿ ಹವಳ ಇರಲಿಲ್ಲ, ಬಚಾವ್. ಸಮುದ್ರದಲ್ಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳತೊಡಗುತ್ತದೆ.

ಈ ತಿಂಗಳು ಹೆಚ್ಚು ಹೊತ್ತು ಕಳೆದದ್ದು ಫೋಟೋಗಳನ್ನು ನೋಡಿ ಕಣ್ಣು ಪಳಗಿಸುವುದರಲ್ಲಿ. ಆರೋಗ್ಯವಂತ ಹವಳ ಅಂದರೆ ಝಗಝಗಿಸುವ ನೀಲಿ-ಗುಲಾಬಿ ಅಂದುಕೊಂಡಿದ್ದೆ. ಸಮುದ್ರದ ನಿಜವಾದ ಹವಳದ ದಿಬ್ಬದಲ್ಲಿ ಹೆಚ್ಚಿನವು ಕಂದು, ಮಾಸಲು ಹಸಿರು; ಆ ಕಂದು ಒಳಗಿನ ಪಾಚಿಯದು. ಬಿಸಿಗೆ ಸಿಕ್ಕ ಕೆಲವು ಹವಳಗಳೇ ನಿಯಾನ್‌ನಂತೆ ಹೊಳೆಯುತ್ತವೆ. ಕವಲು ಹವಳದ ತುದಿ ಬಿಳಿಯಿದ್ದರೆ ಬೆಳೆಯುತ್ತಿದೆ ಎಂದರ್ಥ. ಬುಡದಿಂದ ಬಿಳಿ ಏರುತ್ತಿದ್ದರೆ ಮಾಂಸ ಕಳಚುತ್ತಿದೆ. ಪೂರ್ತಿ ಬಿಳಿಚಿದ್ದೂ ಸತ್ತಿರಬೇಕೆಂದಿಲ್ಲ. ಭೂತಗನ್ನಡಿ ಹಿಡಿದರೆ ಗಾಜಿನಂಥ ಮಾಂಸ ಕಂಡೀತು, ಬಿಸಿ ಬೇಗ ಇಳಿದರೆ ಚೇತರಿಸಿಕೊಂಡೀತು. ಹಸಿರು ಪಾಚಿಯ ನವಿರು ಹತ್ತಿದ್ದರೆ ಆ ಭಾಗ ಮುಗಿದಂತೆ.

ಕಲಿತದ್ದು ಅಂಗಡಿಯೊಂದರಲ್ಲಿ ಕೆಲಸಕ್ಕೆ ಬಂತು. ಕವಲು ಹವಳದ ತುಂಡು ತೋರಿಸಿ "ಟ್ಯಾಂಕಲ್ಲೇ ಬೆಳೆದಿದ್ದು ಸಾರ್" ಅಂದರು. ತಿರುಗಿಸಿ ನೋಡಿದೆ. ಟ್ಯಾಂಕಿನಲ್ಲಿ ಬೆಳೆದದ್ದಾದರೆ, ತುಂಡನ್ನು ಅಂಟಿಸಿದ ಬಿಲ್ಲೆಯ ಮೇಲೂ ಮಾಂಸ ಹರಡಿಕೊಂಡಿರುತ್ತದೆ. ಇದರ ಬುಡದಲ್ಲಿ ಉಳಿ ಹೊಡೆದ ಹಸಿ ಗಾಯ, ಜೊತೆಗೆ ಬಂಡೆಯ ಚೂರು. ಬೇಡ ಅಂತ ವಾಪಸ್ ಕೊಟ್ಟೆ. ಇಂಥ ಕವಲು ಹವಳವೂ ಸೇರಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕಪ್ಪು ಹವಳ, ಸಮುದ್ರ ಬೀಸಣಿಗೆಯೂ ಅಲ್ಲೇ ಇವೆ.

ಚಿಕ್ಕಪ್ಪನ ಮಗ ಕೇಳುತ್ತಾನೆ, ದಡಕ್ಕೆ ಬಂದು ಬಿದ್ದದ್ದು ಸತ್ತದ್ದು ತಾನೇ, ತಂದರೇನು ತಪ್ಪು? ಮರಿ ಹವಳ ಅಂಟಿಕೊಂಡು ಬೆಳೆಯುವುದು ಆ ಹಳೇ ಅಸ್ಥಿಯ ಮೇಲೇ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಹವಳ ಅಗೆದೂ ಅಗೆದೂ, 21 ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿಹೋದವು. ಅವನಿಗೆ ಇದನ್ನು ಹೇಳಿದಾಗ ಸುಮ್ಮನಾದ.

ಮೆತ್ತನೆ ಹವಳ ಆ ಪಟ್ಟಿಯಲ್ಲಿಲ್ಲ ಅನ್ನುವ ಧೈರ್ಯದಲ್ಲೇ ನಾನು ತಂದವನಲ್ಲ. ನನ್ನ ತುಂಡನ್ನು ಕತ್ತರಿಸಿದ, ಗೆಳೆಯನ ಬಳಿಯಿರುವ ಮೂಲ ಹವಳಕ್ಕೆ ಆರು ವರ್ಷ. ಅದು ಹೇಗೆ ಬಂತು ಅಂತ ಕೇಳಿದ್ದೆ. ಅದೂ ಇನ್ನೊಬ್ಬರ ಟ್ಯಾಂಕಿನಲ್ಲಿ ಕತ್ತರಿಸಿದ ತುಂಡೇ.

ಗಟ್ಟಿ ಹವಳಕ್ಕೆಂದು ಬಲಗಡೆ ಬಿಟ್ಟಿದ್ದ ಕಲ್ಲು ಇನ್ನೂ ಖಾಲಿಯಿದೆ. ಲೆದರ್ ಕೋರಲ್ ಅಂಗೈಯಷ್ಟಾದ ಮೇಲೆ ಒಂದು ಚೂರು ಕತ್ತರಿಸಿ ಅಲ್ಲಿ ಕೂರಿಸುತ್ತೇನೆ, ಇನ್ನೊಂದು ಗುಬ್ಬಿಯ ಹುಡುಗನಿಗೆ. ಅವನ ಟ್ಯಾಂಕಿಗೆ ಹೋದ ವಾರವಷ್ಟೇ ಉಪ್ಪು ಬಿದ್ದಿದೆ.