ಬಸ್ಸಿದ್ದರೂ ಯಾಕೆ ನಡೆದೇ ಹೋಗುತ್ತಾರೆ?

ದೇವರ ಕಥೆ ಹಾಡುವ ಕಂಸಾಳೆಯವರು, ನೀಲಗಾರರು ಊರೂರು ಸುತ್ತುವಾಗ ಅವರ ಹಿಂದೆ ಹೋಗುವ ಚಟ ನನಗೆ ಬಹಳ ಹಳೆಯದು. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಈಗ ಎಲ್ಲ ಕಡೆ ಬಸ್ಸಿದೆ, ಆಟೋ ಇದೆ. ಇವರು ಇನ್ನೂ ಯಾಕೆ ನಡ್ಕೊಂಡೇ ಹೋಗ್ತಾರೆ? ಹರಕೆನಾ, ಬಡತನಾನಾ?"

ಎರಡೂ ಇದೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಕೇಳಿದವರಿಗೂ ಅಷ್ಟೇ ಸಾಕಾಗಿರುತ್ತದೆ. ಆದರೆ ಹರಕೆ ಇಲ್ಲದವರೂ ನಡೆಯುತ್ತಾರೆ, ಜೇಬಲ್ಲಿ ಬಸ್ ಚಾರ್ಜ್ ಇಟ್ಟುಕೊಂಡವರೂ ನಡೆಯುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಪರಿಚಯ ಇಲ್ಲದವರಿಗೆ ಎರಡು ಮಾತು. ಚಾಮರಾಜನಗರ, ಮೈಸೂರು, ಮಂಡ್ಯದ ಕಡೆ ಎರಡು ದೊಡ್ಡ ಕಥೆಗಳನ್ನು ಹಾಡುತ್ತಾರೆ. ಒಂದು ಮಲೆ ಮಾದೇಶ್ವರನದು. ಹಾಡುವವರು ದೇವರ ಗುಡ್ಡರು, ಕೈಯಲ್ಲಿ ಕಂಸಾಳೆ ಅನ್ನುವ ಕಂಚಿನ ತಾಳ. ಇನ್ನೊಂದು ಮಂಟೇಸ್ವಾಮಿಯದು. ಹಾಡುವವರು ನೀಲಗಾರರು, ಅವರದು ತಂಬೂರಿ, ಗಗ್ಗರ, ಡಕ್ಕೆ, ತಾಳ. ಇಬ್ಬರೂ ದೀಕ್ಷೆ ಪಡೆದು ಹಾಡಲು ನಿಂತವರು. ಮನೆಯಲ್ಲಿ ಹರಕೆ ಹೊತ್ತು ಒಬ್ಬ ಮಗನನ್ನು ಗುಡ್ಡನಾಗಿ ಬಿಡುವುದೂ ಇದೆ.

ಈಗ ಪ್ರಶ್ನೆಗೆ ಬರೋಣ. ಬಸ್ಸು ಒಂದು ಊರಿನ ಸರ್ಕಲ್‌ನಿಂದ ಇನ್ನೊಂದು ಊರಿನ ಸರ್ಕಲ್‌ಗೆ ಹೋಗುತ್ತದೆ. ಹಾಡುವವರಿಗೆ ಸರ್ಕಲ್‌ನಲ್ಲಿ ಏನೂ ಕೆಲಸ ಇಲ್ಲ. ಅವರ ಕೆಲಸ ಇರುವುದು ಒಕ್ಕಲು ಮನೆಗಳಲ್ಲಿ, ಅಂದರೆ ಆ ದೇವರಿಗೆ ನಡೆದುಕೊಳ್ಳುವ ಮನೆಗಳಲ್ಲಿ. ಮಾದಪ್ಪನ ಒಕ್ಕಲು, ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಒಕ್ಕಲು ಅಂತ ತಲೆತಲಾಂತರದಿಂದ ನಡೆದುಕೊಂಡು ಬಂದ ಮನೆತನಗಳಿವೆ. ಈ ಊರಲ್ಲಿ ನಾಲ್ಕು ಮನೆ, ಕೆರೆ ಏರಿ ದಾಟಿದ ಮೇಲೆ ಸಿಗುವ ದೊಡ್ಡಿಯಲ್ಲಿ ಎರಡು, ಆಚೆ ಹೊಲದಲ್ಲೇ ಮನೆ ಕಟ್ಟಿಕೊಂಡವರದು ಒಂದು. ಇವೆಲ್ಲ ಸೇರಿದರೆ ಒಬ್ಬ ಹಾಡುಗಾರನ ಸುತ್ತು. ಅಪ್ಪ ನಡೆದ ದಾರಿಯನ್ನೇ ಮಗ ಹಿಡಿಯುತ್ತಾನೆ. ಬಸ್ ಹತ್ತಿದರೆ ನಡುವಿನ ಮನೆಗಳು ತಪ್ಪಿಹೋಗುತ್ತವೆ. ಒಂದು ವರ್ಷ ತಪ್ಪಿದರೆ "ಯಾಕಪ್ಪ ಹೋದ್ವರ್ಷ ಈ ಕಡೆ ತಲೆ ಹಾಕಲಿಲ್ಲ?" ಅಂತ ಕೇಳುತ್ತಾರೆ. ಎರಡು ವರ್ಷ ತಪ್ಪಿದರೆ ಕೇಳುವುದನ್ನೂ ಬಿಡುತ್ತಾರೆ. ಪೂಜೆ ದಿನ ಮೊಬೈಲಲ್ಲಿ ಹಾಡು ಹಾಕಿಕೊಂಡು ಮುಗಿಸಿಬಿಡುತ್ತಾರೆ.

ಇಷ್ಟೇ ಆಗಿದ್ದರೆ ಇದು ಬರೀ ವ್ಯವಹಾರದ ಮಾತಾಗುತ್ತಿತ್ತು. ನಡಿಗೆ ಹಾಡಿನ ಒಳಕ್ಕೂ ಇಳಿದಿದೆ.

ಮಾದೇಶ್ವರನ ಕಥೆ ಎಷ್ಟು ದೊಡ್ಡದು ಅಂದರೆ ಒಂದು ರಾತ್ರಿ ಕೂತು ಮುಗಿಸುವ ಮಾತೇ ಇಲ್ಲ. ಅದು ಸಾಲು ಸಾಲಾಗಿ ಇದೆ. ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಒಂದೊಂದೂ ತನ್ನಷ್ಟಕ್ಕೆ ನಿಲ್ಲುವ ಕಥೆ, ಮುಂದಿನದಕ್ಕೆ ಎಳೆ ಬಿಟ್ಟಿರುವ ಕಥೆ. ಈ ಊರಲ್ಲಿ ಒಂದು ಸಾಲು ಹಾಡಿ ಬೆಳಗ್ಗೆ ಎದ್ದು ಹೊರಟರೆ ಮುಂದಿನ ಊರಲ್ಲಿ ಇನ್ನೊಂದು. ಹೀಗೆ ತುಂಡಾಗಿಯೂ ಉಳಿಯುವಂತೆ, ಕೂಡಿಸಿದರೆ ದೊಡ್ಡದಾಗುವಂತೆ ಕಥೆ ಕಟ್ಟಿದವರು ಒಂದೇ ಕಡೆ ಕೂತು ಹಾಡುವವರಾಗಿರಲಿಕ್ಕಿಲ್ಲ ಅನ್ನುವುದು ನನ್ನ ಅನುಮಾನ.

ಯಾವ ಮನೆಗೆ ಯಾವ ಸಾಲು ಅನ್ನುವುದನ್ನು ಬಾಗಿಲಲ್ಲೇ ತೀರ್ಮಾನಿಸಬೇಕು. ಅದನ್ನು ನೋಡುವುದೇ ಚೆಂದ. ಹಿರಿಯ ಗುಡ್ಡಪ್ಪ ಜಗಲಿ ಹತ್ತಿರ ನಿಲ್ಲುತ್ತಾರೆ. ಜೋಳಿಗೆಯಿಂದ ಬಟ್ಟೆ ಸುತ್ತಿದ ಕಂಸಾಳೆ ತೆಗೆಯುತ್ತಾರೆ. ದಾರಿಯಲ್ಲಿ ಸುಮ್ನೆ ಸದ್ದಾಗಬಾರದು ಅಂತ ಬಟ್ಟಲೊಳಗೆ ಚಪ್ಪಟೆ ತಾಳವನ್ನು ಮಡಗಿ ಬಿಗಿಯಾಗಿ ಕಟ್ಟಿರುತ್ತಾರೆ. ಗಂಟು ಬಿಚ್ಚಿ, ಬಟ್ಟಲನ್ನು ಎಡಗೈಗೆ ಕೂರಿಸಿ, ಬಲಗೈ ತಾಳದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಇಷ್ಟೂ ಹೊತ್ತು ಕಣ್ಣು ಮನೆಯೊಳಗೇ ಇರುತ್ತದೆ.

"ಮಗಳು ಹೆರಿಗೆಗೆ ಬಂದವ್ಳೇನವ್ವ?"

"ಎಲ್ಲಿ ಗುಡ್ಡಪ್ಪ, ಇನ್ನೂ ಆ ಭಾಗ್ಯ ಬಂದಿಲ್ಲ. ಮದುವೆಯಾಗಿ ನಾಕು ವರ್ಷ ಆಯ್ತು."

ಮುಗಿಯಿತು. ಆ ಮನೆಯಲ್ಲಿ ಸಂಕಮ್ಮನ ಸಾಲೇ ಆಗಬೇಕು. ಸಂಕಮ್ಮನ ಗಂಡ ನೀಲೇಗೌಡ ಜೇನು ಕೀಳಲು ಕಾಡಿಗೆ ಹೋಗುವ ಮುಂಚೆ ಅವಳ ನಡತೆಗೆ ಭಾಷೆ ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಅವನು ಕೊಡುವ ಹಿಂಸೆ ಕೇಳುವವರ ಕರುಳು ಕಿವುಚುವಂಥದ್ದು. ಕೊನೆಗೆ ಮಾದಪ್ಪ ಬಂದು ಕಾಯುತ್ತಾನೆ, ಮಕ್ಕಳ ಭಾಗ್ಯ ಕೊಡುತ್ತಾನೆ. ಈ ಸಾಲು ಹಾಡುವಾಗ ಅಡುಗೆಮನೆಯಿಂದ ಒಬ್ಬೊಬ್ಬರೇ ಹೆಂಗಸರು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಗಂಡಸರು ಯಾಕೋ ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ. ಈ ಮಾಹಿತಿಯೆಲ್ಲ ಹಾಡುಗಾರನಿಗೆ ಸಿಗುವುದು ಹಿಂದಿನ ಊರಲ್ಲಿ, ದಾರಿಯಲ್ಲಿ ಸಿಕ್ಕಿದವರ ಬಾಯಲ್ಲಿ. ಕಾರಲ್ಲಿ ಬಂದು ಇಳಿದವರಿಗೆ ಯಾವ ಮನೆಯಲ್ಲಿ ಏನು ನೋವಿದೆ ಅಂತ ಯಾರು ಹೇಳುತ್ತಾರೆ?

ಕಥೆಗಳಲ್ಲೂ ಎಲ್ಲರೂ ನಡೆಯುವವರೇ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಸುತ್ತ ಇದ್ದವರನ್ನು ಪರೀಕ್ಷೆ ಮಾಡಿ, ಅಲ್ಲಿಂದ ದಕ್ಷಿಣಕ್ಕೆ ಇಳಿದು ಬರುತ್ತಾನೆ. ಕೊನೆಗೆ ಬೊಪ್ಪೇಗೌಡನಪುರದಲ್ಲಿ ನೆಲೆ ನಿಲ್ಲುತ್ತಾನೆ. ಸಿದ್ದಪ್ಪಾಜಿ ಗುರುವಿನ ಮಾತಿಗೆ ಹಲಗೂರಿನ ಪಾಂಚಾಳರ (ಕಮ್ಮಾರರ) ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಬೊಪ್ಪೇಗೌಡನಪುರ, ಹಲಗೂರು ಎರಡೂ ಮಳವಳ್ಳಿ ತಾಲ್ಲೂಕಿನಲ್ಲೇ ಇವೆ. ಅಂದರೆ ಕಥೆಯ ಊರುಗಳೂ ಹಾಡುಗಾರ ತುಳಿಯುವ ಊರುಗಳೂ ಒಂದೇ. ಹಲಗೂರಿನ ಪ್ರಸಂಗ ಹಾಡುವಾಗ ಕೇಳುವವರಿಗೆ ಅದು ಎಷ್ಟು ದೂರ, ಯಾವ ದಾರಿ ಅಂತ ಚೆನ್ನಾಗಿ ಗೊತ್ತು.

ವಾದ್ಯಗಳನ್ನೇ ನೋಡಿ. ಹೆಗಲಿಗೆ ಏರದ ವಾದ್ಯ ಈ ಪರಂಪರೆಯಲ್ಲಿ ಒಂದೂ ಇಲ್ಲ. ನೀಲಗಾರರ ಮೇಳದಲ್ಲಿ ಮುಂದಾಳು ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ ಹಿಡಿಯುತ್ತಾನೆ. ನಿಂತೂ ಹಾಡಬಹುದು, ಕೂತೂ ಹಾಡಬಹುದು. ಉತ್ತರ ಕರ್ನಾಟಕದ ಕಡೆ ಎಲ್ಲಮ್ಮನ ಪದ ಹಾಡುವವರ ಚೌಡಿಕೆಯೂ ಕಂಕುಳಲ್ಲಿ ಹಿಡಿಸುವಂಥದ್ದೇ. ಕಿನ್ನರಿ ಜೋಗಿಗಳ ಕಿನ್ನರಿಗೆ ಮೂರು ಸೋರೆಬುರುಡೆ ಕಟ್ಟಿರುತ್ತಾರೆ. ಅದನ್ನು ಹಿಡಿದುಕೊಂಡು ಸಂತೆ ದಿನದ ಬಸ್ ಹತ್ತಿ ನೋಡಿ! ಯಾರದೋ ಮೂಟೆ ತಗುಲಿದರೂ ಬುರುಡೆ ಸೀಳುತ್ತದೆ. ನಡೆದರೆ ಆ ಭಯ ಇಲ್ಲ. ಇಬ್ಬನಿಯದೊಂದು ಕಾಟ ಮಾತ್ರ ಇದ್ದೇ ಇದೆ. ಚಳಿಗಾಲದ ಬೆಳಗ್ಗೆ ಡಕ್ಕೆಯ ಚರ್ಮ ಸಡಿಲಾಗಿ ಸ್ವರವೇ ಹೊರಡುವುದಿಲ್ಲ. ಯಾವುದಾದರೂ ಮನೆಯ ಒಲೆ ಮುಂದೆ ಹಿಡಿದು ಕಾಸಿಕೊಳ್ಳಬೇಕು. ಹಾಗೆ ಕಾಸುವಾಗಲೇ ಅರ್ಧ ಊರಿಗೆ ಇವರು ಬಂದಿರುವ ಸುದ್ದಿ ಗೊತ್ತಾಗಿರುತ್ತದೆ.

ನಡೆಯುವುದಕ್ಕೆ ಕಾಲವೂ ಇದೆ. ಸುಗ್ಗಿ ಮುಗಿದು ಕಣ ಖಾಲಿಯಾಗಬೇಕು, ಮನೆಯಲ್ಲಿ ಕಾಳು ಇರಬೇಕು. ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರು ಜಾತ್ರೆ ಸರಿಯಾಗಿ ಬನದ ಹುಣ್ಣಿಮೆಗೇ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೇ ಶುರುವಾಗುತ್ತದೆ. ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರಿನಲ್ಲಿ ಕಟ್ಟಿ ಬಟ್ಟೆ ಸುತ್ತಿದ ಆಕೃತಿಗೆ ಬೆಂಕಿ ಕೊಡುತ್ತಾರೆ. ಅದು ಯಾವ ದಿಕ್ಕಿಗೆ ಜಾಸ್ತಿ ಉರಿಯುತ್ತದೋ ಆ ದಿಕ್ಕಿನ ಊರುಗಳಿಗೆ ಒಳ್ಳೆ ಬೆಳೆ ಅಂತ ನಂಬಿಕೆ. ಜಾತ್ರೆ ಮುಗಿಸಿ ಬಂದ ನೀಲಗಾರರನ್ನು ಊರವರು ಮೊದಲು ಕೇಳುವುದು ಹಾಡನ್ನಲ್ಲ. "ಈ ಸಲ ಯಾವ ದಿಕ್ಕಿಗೆ ಉರೀತು?"

ಮಾದಪ್ಪನ ಕಡೆಯವರ ದೊಡ್ಡ ನಡಿಗೆ ಶಿವರಾತ್ರಿ, ಯುಗಾದಿ, ದೀಪಾವಳಿಗೆ. ಮೈಸೂರಿನಿಂದ ಮಾದೇಶ್ವರನ ಬೆಟ್ಟಕ್ಕೆ ಸುಮಾರು 140 ಕಿ.ಮೀ. ಇದೆ. ಗುಂಪು ಕಟ್ಟಿಕೊಂಡು "ಉಘೇ ಮಾದಪ್ಪ" ಅನ್ನುತ್ತಾ ನಡೆದು, ತಾಳಬೆಟ್ಟದಿಂದ ಮೇಲಕ್ಕೆ ಹತ್ತುತ್ತಾರೆ. ಆಗ ಗುಡ್ಡರ ಹಾಡು ಕಾಲಿಗೆ ಕಸುವು ತುಂಬುವ ಕೆಲಸ ಮಾಡುತ್ತದೆ. ಏರು ಬಂದಾಗ ಸೊಲ್ಲು ಚಿಕ್ಕದಾಗುತ್ತದೆ, ಹಿಮ್ಮೇಳದವರು ಬೇಗ ಬೇಗ ಎತ್ತಿಕೊಳ್ಳುತ್ತಾರೆ. ಉಸಿರು ಸಿಕ್ಕಾಗ ಕಥೆ ಮತ್ತೆ ಉದ್ದವಾಗುತ್ತದೆ.

ಕರಾವಳಿಯಲ್ಲೂ ಇದೇ ಲೆಕ್ಕ ಇತ್ತು. ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಡುವುದು, ಮೇ 24ರ ಆಸುಪಾಸಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು. ವ್ಯಾನು ಬರುವ ಮುಂಚೆ ವೇಷದ ಪೆಟ್ಟಿಗೆ ತಲೆ ಮೇಲೆ, ಇಡೀ ಮೇಳ ಕಾಲ್ನಡಿಗೆಯಲ್ಲಿ. ರಾತ್ರಿ ಪೂರ್ತಿ ಆಟ, ಹಗಲು ಮುಂದಿನ ಊರಿಗೆ ನಡಿಗೆ. ನಿದ್ದೆ ಎಲ್ಲಿ ಸಿಗುತ್ತೋ ಅಲ್ಲಿ. ಮಳೆಗಾಲದಲ್ಲಿ ನಾಲ್ಕೈದು ಜನ ಸೇರಿ ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗುವುದು ಈಗಲೂ ಇದೆ.

ಮೊದಲ ಪ್ರಶ್ನೆಯ ಬಾಲದಲ್ಲಿ ಇನ್ನೊಂದು ಯಾವಾಗಲೂ ಬರುತ್ತದೆ. ಸ್ವಲ್ಪ ದನಿ ಇಳಿಸಿ ಕೇಳುತ್ತಾರೆ. "ಅದು ಭಿಕ್ಷೆ ಅಲ್ವಾ?"

ಹೌದು, ಭಿಕ್ಷೆಯೇ. ಹಾಡುವವರಿಗೆ ಆ ಮಾತಿನ ಬಗ್ಗೆ ನಾಚಿಕೆ ಇಲ್ಲ, ನಮಗೆ ಇದೆ. ಅವರ ಸಿದ್ದಪ್ಪಾಜಿಯೇ ಬಾಗಿಲಲ್ಲಿ ನಿಂತು ಕೇಳಿದವನು, ಬೈಸಿಕೊಂಡವನು. ಆ ಕಥೆಯನ್ನು ಮನೆ ಬಾಗಿಲಲ್ಲೇ ನಿಂತು ಹಾಡುವುದರಲ್ಲಿ ಒಂದು ಸಣ್ಣ ಎಚ್ಚರಿಕೆಯೂ ಇದೆ ಅನ್ನಿ. ಅವನನ್ನು ಬೈದ ಪಾಂಚಾಳರ ಗತಿ ಏನಾಯ್ತು ಅಂತ ಕೇಳಿದ ಮೇಲೆ ಯಾರೂ ಬರಿಗೈಲಿ ಕಳಿಸುವುದಿಲ್ಲ! ಹಾಡಿ ಬೇಡುವುದಕ್ಕೂ ಬರೀ ಬೇಡುವುದಕ್ಕೂ ಇರುವ ವ್ಯತ್ಯಾಸ ಎಲ್ಲ ಕಾನೂನಿಗೂ ಕಾಣುವುದಿಲ್ಲ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹಾಡಿ, ಕುಣಿದು, ಶಕುನ ಹೇಳಿ ಕೈ ಚಾಚಿದರೂ ಅದು ಭಿಕ್ಷಾಟನೆ. ದೆಹಲಿಗೂ ಅದೇ ಕಾಯ್ದೆ ಅನ್ವಯಿಸುತ್ತಿತ್ತು. 2018ರಲ್ಲಿ ಅಲ್ಲಿನ ಹೈಕೋರ್ಟ್ ಅದರ ಬಹುಪಾಲು ಕಲಂಗಳನ್ನು ರದ್ದು ಮಾಡಿತು. ನಮ್ಮ ಕರ್ನಾಟಕಕ್ಕೂ 1975ರ ಕಾಯ್ದೆಯೊಂದಿದೆ. ಹಳ್ಳಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಪೇಟೆಗೆ ಬಂದರೆ ಹಾಡುಗಾರ ಜೋಳಿಗೆ ಮಡಚಿ ಚೀಲದೊಳಗೆ ಇಟ್ಟುಕೊಳ್ಳುತ್ತಾನೆ.

ಇಷ್ಟು ಹೇಳಿದೆ ಅಂತ ನಡಿಗೆಯನ್ನು ಹೂವಿನ ಹಾದಿ ಅಂದುಕೊಳ್ಳಬೇಡಿ. ಇಂಥ ಪ್ರವಾಸವನ್ನು ಬಹಳ ರಮ್ಯವಾಗಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಮ್ಮಡಿ ಒಡೆದಿರುತ್ತದೆ. ರಾತ್ರಿ ಹಾಡಿದ ಗಂಟಲಿಗೆ ಬೆಳಗಿನ ಧೂಳು. ನೀಲಗಾರರಲ್ಲಿ ದಲಿತರು ಬಹಳ ಜನ. ಪದ ಕೇಳಲು ಬೇಕು, ಆದರೆ ಜಗಲಿಯಿಂದ ಒಳಗೆ ಕರೆಯುವುದಿಲ್ಲ. ರಾಗಿಯನ್ನು ಮೊರದಿಂದ ಎತ್ತರದಲ್ಲೇ ಜೋಳಿಗೆಗೆ ಸುರಿಯುತ್ತಾರೆ, ಕೈ ತಗುಲದ ಹಾಗೆ. ಕಥೆಯ ತುಂಬ ಜಾತಿ ಮೀರಿದ ಗುರುಗಳೇ ಇದ್ದಾರೆ. ಅದನ್ನು ರಾತ್ರಿಯಿಡೀ ಭಕ್ತಿಯಿಂದ ಕೇಳಿದ ಮನೆಯವರೇ ಬೆಳಗ್ಗೆ ಹೀಗೆ ಸುರಿಯುತ್ತಾರೆ. ಇದನ್ನು ನೋಡಿದ ಮಗ "ನಾನು ಬರಲ್ಲಪ್ಪ" ಅಂತ ಬೆಂಗಳೂರಿನ ಕೆಲಸಕ್ಕೆ ಹೋದರೆ ಅವನನ್ನು ತಪ್ಪು ಅನ್ನುವ ಹಕ್ಕು ನಮಗೆ ಯಾರಿಗೂ ಇಲ್ಲ.

ಹಾಗಾದರೆ ವೇದಿಕೆ ಒಳ್ಳೆಯದಲ್ವಾ? ಮರ್ಯಾದೆ ಇದೆ, ಕುರ್ಚಿ ಇದೆ, ಸಂಭಾವನೆ ಇದೆ. ಈ ಮಟ್ಟಿಗೆ ಖಂಡಿತ ಒಳ್ಳೆಯದು. ಆದರೆ ವೇದಿಕೆಯಲ್ಲಿ ಸಿಗುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಸಂಕಮ್ಮನ ಕಥೆ ಹೇಳಲು ಆಗುತ್ತದೆಯೇ? ಅದಕ್ಕೇ ಬೀಸು ಕಂಸಾಳೆ ಮುಂದೆ ಬಂದಿದೆ. ತಾಳವನ್ನು ಬೀಸಿ ಒಬ್ಬರ ಮೇಲೊಬ್ಬರು ಏರಿ ಕುಣಿಯುವುದು ಕಣ್ಣಿಗೆ ಹಬ್ಬ, ಫೋಟೋ ಚೆನ್ನಾಗಿ ಬರುತ್ತದೆ. ಹುಡುಗರು ಅದನ್ನು ಚೆನ್ನಾಗಿಯೂ ಕಲಿಯುತ್ತಿದ್ದಾರೆ. ಸಾಲು ಪೂರ್ತಿ ಬರುವವರು ಮಾತ್ರ ಊರಿಗೆ ಒಬ್ಬರು ಸಿಕ್ಕರೆ ಪುಣ್ಯ.

ಇನ್ನು ಬಸ್ಸಿನ ವಿಷಯ. ನಿಜ ಹೇಳಬೇಕೆಂದರೆ ಇವತ್ತು ಎಲ್ಲರೂ ಬಸ್ ಹತ್ತುತ್ತಾರೆ. ಕೊಳ್ಳೇಗಾಲದವರೆಗೋ ಹನೂರಿನವರೆಗೋ ಬಸ್ಸಲ್ಲಿ ಬಂದು ಅಲ್ಲಿಂದ ಮನೆಮನೆಗೆ ನಡೆಯುತ್ತಾರೆ. ಮುಂದಿನ ಊರಿಗೆ ಫೋನ್ ಮಾಡಿ "ಸೋಮವಾರ ಬರ್ತೀವಿ, ಮನೇಲಿರ್ತೀರಾ?" ಅಂತ ಕೇಳುತ್ತಾರೆ. ಯಾರಾದರೂ ಬೈಕಲ್ಲಿ ಹತ್ತಿಸಿಕೊಂಡರೆ ಬೇಡ ಅನ್ನುವುದಿಲ್ಲ.

ಗಿಟಾರ್ ನುಡಿಸುವ ಕೆಲವು ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಕೇಳುತ್ತಿರುತ್ತಾರೆ, "ನಾವೂ ಹೀಗೆ ನಡೆದು ಹಳ್ಳಿಗಳಲ್ಲಿ ಹಾಡಬೇಕು, ಯಾವ ರೂಟ್ ಒಳ್ಳೇದು?" ಅಂತ. ರೂಟ್ ನಾನು ಹೇಳಬಲ್ಲೆ. ಗಂಟೆಗೆ ನಾಲ್ಕು ಕಿ.ಮೀ. ಹಿಡಿಯಿರಿ, ಬಿಸಿಲೇರುವ ಮುಂಚೆ ಊರು ಸೇರಿ, ಭಾರ ಕಮ್ಮಿ ಇರಲಿ ಅಂತಲೂ ಹೇಳುತ್ತೇನೆ. ಆಮೇಲೆ ಮುಂದಿನ ಊರಲ್ಲಿ ನಿಮಗಾಗಿ ಕಾಯುವವರು ಯಾರು ಅಂತ ಕೇಳುತ್ತೇನೆ. ಯಾರೂ ಇಲ್ಲ ಅಂದರೆ, ಮೊದಲ ವರ್ಷ ಯಾವುದಾದರೂ ಮೇಳದ ಹಿಂದೆ ಜೋಳಿಗೆ ಹೊತ್ತು ನಡೆಯಿರಿ ಅನ್ನುತ್ತೇನೆ. ಬನದ ಹುಣ್ಣಿಮೆ ಆದ ಮೇಲೆ ಒಂದೆರಡು ವಾರ ಬಿಡುವು ಮಾಡಿಕೊಂಡರೆ ಸಾಕು. ಗಿಟಾರ್ ಮನೆಯಲ್ಲೇ ಇರಲಿ. ಹೊರಲು ರಾಗಿ ಮೂಟೆ ಬೇಕಾದಷ್ಟು ಸಿಗುತ್ತದೆ.